ಅಮ್ಮನದ್ದಾ, ಅಪ್ಪನದ್ದಾ?

ಕಳೆದ ವರ್ಷ ಬೇಸಿಗೆ ರಜೆ ಶುರುವಾದ ವಾರ ಇದು ನಡೆಯಿತು. ಅಮ್ಮನನ್ನು ಕೇಳಿದರೆ, ಶಾಲೆ ಇನ್ನೂ ಇತ್ತು, ಜ್ವರವೆಂದು ನಾನೇ ರಜೆ ಹಾಕಿದ್ದೆ ಎನ್ನುತ್ತಾರೆ. ಇರಬಹುದು. ಲೂಪಸ್ ಬಂದ ಮೇಲೆ ನನ್ನ ದಿನಗಳು ಒಂದರೊಳಗೊಂದು ಸೇರಿಹೋಗಿವೆ. ದೇಹವನ್ನು ಕಾಯಬೇಕಾದ ಬಿಳಿ ರಕ್ತಕಣಗಳೇ ದೇಹದ ಮೇಲೆ ತಿರುಗಿಬೀಳುವ ಕಾಯಿಲೆ ಅದು. ತೋಡಾರಿನ ಮನೆಯಿಂದ ಮೂಡುಬಿದಿರೆಯ ಶಾಲೆಗೆ ಹೋಗಿ, ಪಾಠ ಮಾಡಿ ಬರುವಷ್ಟರಲ್ಲಿ ಕೈಬೆರಳು ಮಡಚಲು ಆಗುವುದಿಲ್ಲ.

ಮಂಗಳೂರಿನ ಡಾಕ್ಟರು ಒಂದು ಅಧ್ಯಯನಕ್ಕೆ ರಕ್ತ ಕೇಳಿದ್ದರು. ನಾನು ಒಪ್ಪಿದೆ. ತಾಯಿಯದ್ದೂ ಬೇಕು ಎಂದಾಗ ಅಮ್ಮ ಬೇಡವೆಂದರು. "ಹುಷಾರಿಲ್ಲದ್ದು ನಿನಗೆ. ನನ್ನ ರಕ್ತ ಅವರಿಗೆ ಎಂತಕ್ಕೆ?" ಸೂಜಿಯ ಹೆದರಿಕೆ ಇರಬೇಕು ಎಂದುಕೊಂಡೆ.

ಆ ದಿನ ಸಂಶೋಧನೆಯ ಹುಡುಗಿ ಮನೆಗೇ ಬಂದಳು. ಪ್ರತಿಮಾ ಎಂದು ಹೆಸರು, ಬೆಳ್ತಂಗಡಿಯವಳು. ರಕ್ತಕಣಗಳು ಜೀವಂತ ಇರುವಾಗಲೇ ಲ್ಯಾಬಿಗೆ ಮುಟ್ಟಿಸಬೇಕಿತ್ತು, ಕಾರು ಗೇಟಿನ ಹೊರಗೆ ಕಾಯುತ್ತಿತ್ತು. ನನ್ನ ರಕ್ತ ತೆಗೆದಾದ ಮೇಲೆ ಅವಳು ಅಮ್ಮನ ಕಡೆ ತಿರುಗಿದಳು.

"ಅಮ್ಮಾ, ನಿಮ್ಮದು ಸ್ವಲ್ಪ ಸಾಕು."

"ಬೇಡ ಮಗಾ. ನೀನು ಚಾ ಕುಡಿ."

"ನಿಮ್ಮದು ಇಲ್ಲದಿದ್ದರೆ ಟೀಚರ್ದು ತೆಗೆದದ್ದೂ ದಂಡ. ಯಾವುದು ತಾಯಿಯಿಂದ ಬಂದದ್ದು ಅಂತ ಗುರುತೇ ಆಗುವುದಿಲ್ಲ."

ಅಮ್ಮನ ಮುಖ ಗಂಟಾಯಿತು. "ಅದನ್ನು ನಿಮ್ಮ ಮೆಷಿನ್ ಹೇಳಬೇಕಾ? ಅವಳ ಬಳಿ ನನ್ನದು, ಮೂಗು ನನ್ನದು. ಈ ಕಾಯಿಲೆ ಮತ್ತೆ ಯಾರದ್ದಾಗ್ತದೆ? ಇಷ್ಟು ವರ್ಷದಿಂದ ನನಗೆ ಗೊತ್ತುಂಟು."

ನಮ್ಮಲ್ಲಿ ಬಳಿ, ಎಂದರೆ ವಂಶದ ಹೆಸರು, ತಾಯಿಯಿಂದ ಬರುತ್ತದೆ. ಮದುವೆ ಮಾತು ಶುರುವಾಗುವುದೇ ಅದರಿಂದ. ಅಪ್ಪನ ಬಳಿ ಮಕ್ಕಳ ಲೆಕ್ಕಕ್ಕಿಲ್ಲ. ಅದೇ ಲೆಕ್ಕದಲ್ಲಿ ಅಮ್ಮ ನನ್ನ ಕಾಯಿಲೆಯನ್ನೂ ತನ್ನ ಹೆಸರಿಗೆ ಬರೆದುಕೊಂಡು, ನನಗೆ ಒಂದು ಮಾತೂ ಹೇಳದೆ ಮಾತ್ರೆ, ಗಂಜಿ ಕೊಡುತ್ತಾ ಬಂದಿದ್ದರು.

ಪ್ರತಿಮಾ ಕೆಳಗೆ, ಅಮ್ಮನ ಕಾಲ ಹತ್ತಿರ ಕೂತಳು. ಅಥವಾ ಮಣೆಯ ಮೇಲೆ. "ಹಾಗಲ್ಲಮ್ಮಾ. ಹೆಂಗಸರ ಒಂದೊಂದು ಕಣದಲ್ಲಿ ಎರಡು ಎಕ್ಸ್ ಕ್ರೋಮೋಸೋಮ್ ಇರ್ತದೆ. ಒಂದು ಅಮ್ಮನದ್ದು, ಒಂದು ಅಪ್ಪನದ್ದು. ಅದರಲ್ಲಿ ಒಂದು ಮಲಗಿರ್ತದೆ. ಟೀಚರ್ದು ಒಂದು ಕಣದಲ್ಲಿ ನಿಮ್ಮದು ಮಲಗಿದರೆ ಪಕ್ಕದ್ದರಲ್ಲಿ ಅವರ ಅಪ್ಪನದ್ದು. ಮಲಗಿದ್ದೂ ಕೆಲವು ಸಲ ಪೂರ್ತಿ ನಿದ್ರೆ ಮಾಡುವುದಿಲ್ಲ, ಅಲ್ಲಲ್ಲಿ ಎದ್ದಿರ್ತದೆ. ಇಂಥ ಕಾಯಿಲೆ ಹೆಂಗಸರಿಗೇ ಹೆಚ್ಚು ಬರುವುದಕ್ಕೂ ಅದಕ್ಕೂ ಸಂಬಂಧ ಉಂಟಾ ಅಂತ ಒಂದೊಂದೇ ಕಣ ಬಿಡಿಸಿ ನೋಡ್ತೇವೆ. ತಪ್ಪು ಯಾರದ್ದು ಅಂತ ಅಲ್ಲ."

"ಅವರದ್ದೂ ಉಂಟಾ ಅದರಲ್ಲಿ?"

"ಅರ್ಧಕ್ಕರ್ಧ."

ಅಮ್ಮ ಗೋಡೆಯ ಮೇಲಿದ್ದ ಅಪ್ಪನ ಫೋಟೋ ನೋಡಿ ತುಳುವಿನಲ್ಲಿ ಹೇಳಿದರು: "ಇರುವಾಗ ಮಲಗಿದ್ದೇ ಹೆಚ್ಚು. ಹೋದ ಮೇಲೆ ಏಳ್ತಾರಂತೆ, ನೋಡು ಮಾರಾಯ್ತಿ!"

ನಾವು ಮೂವರೂ ನಕ್ಕೆವು. ಆಗಲೇ ನಕ್ಕೆವೋ, ಹುಡುಗಿ ಹೋದ ಮೇಲೆ ನಾವಿಬ್ಬರು ನಕ್ಕೆವೋ, ಈಗ ಖಾತ್ರಿಯಿಲ್ಲ. ಅಮ್ಮ ಬಳೆ ಮೇಲೆ ಸರಿಸಿ ಕೈ ಚಾಚಿದ್ದು ಮಾತ್ರ ನಿಜ. ಸೂಜಿ ಚುಚ್ಚುವಾಗ ಅವರು ನನ್ನ ಮುಖವನ್ನೇ ನೋಡುತ್ತಿದ್ದರು.

ಇಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ಬೇಡವೆಂದಿದ್ದವರೇ ಆಮೇಲೆ ಕಾಯತೊಡಗಿದರು. "ಬಂತಾ ಅದು?" ಒಬ್ಬೊಬ್ಬರ ಫಲಿತಾಂಶವನ್ನು ಬೇರೆ ಮಾಡಿ ತಿಳಿಸುವುದಿಲ್ಲವೆಂದು ಪ್ರತಿಮಾ ಮೊದಲೇ ಹೇಳಿದ್ದಳು. ನಾನೂ ಮತ್ತೆ ಮತ್ತೆ ಹೇಳಿ ಸುಸ್ತಾದೆ. ಕಾಯಿಲೆ ಇದ್ದ ಹಾಗೆಯೇ ಇದೆ. ಬೆಳಿಗ್ಗೆ ಬೆರಳು ಮಡಚುವುದಿಲ್ಲ, ಜಡೆ ಹಾಕುವುದು ಅಮ್ಮನೇ.

ನೋವು ಹೆಚ್ಚಿರುವ ದಿನ ಬಾಚಣಿಗೆ ಹಿಡಿದು ಹಿಂದೆ ನಿಂತು ಕೇಳುತ್ತಾರೆ: "ಇವತ್ತು ಎದ್ದದ್ದು ಯಾರದ್ದು? ನನ್ನದಾ, ಅವರದ್ದಾ?"

ನನಗೇನು ಗೊತ್ತು? ಅದು ಹಾಗೆ ಹೇಳುವಂಥದ್ದೂ ಅಲ್ಲ.

"ಅಪ್ಪನದ್ದು," ಎನ್ನುತ್ತೇನೆ. ಕೂದಲು ಎಳೆಯುವ ಕೈ ಸ್ವಲ್ಪ ಹಗುರಾಗುತ್ತದೆ.