ಲೇಕ್ ಮಾರ್ಕೆಟ್ಟಿನಲ್ಲಿ ‘ಪಿ’ ಹಾಕಿದ್ದು

ನನ್ನ ಎಡಗಾಲಿನ ಮಂಡಿನೋವಿಗೆ ಗುಳಿಗೆಗಿಂತ ಕ್ಲಚ್ ಇಲ್ಲದ ಕಾರೇ ವಾಸಿ ಎಂದು ಆಟೋಮ್ಯಾಟಿಕ್ ಕೊಂಡೆವು. ಶೋರೂಮಿನ ಹುಡುಗಿ ಕಲಿಸಿದ್ದು ಇಷ್ಟೇ: ಓಡಿಸಲು ಡಿ, ಹಿಂದಕ್ಕೆ ಆರ್, ನಿಲ್ಲಿಸಿ ಇಳಿಯುವಾಗ ಪಿ.

ಮೊದಲ ಭಾನುವಾರವೇ ಕರಿಬೇವಿಗೆಂದು ಒಬ್ಬಳೇ ಲೇಕ್ ಮಾರ್ಕೆಟ್ಟಿಗೆ ಹೋದೆ. ಜಾಗವಿರಲಿಲ್ಲ. ಪಾರ್ಕಿಂಗ್ ನೋಡಿಕೊಳ್ಳುವ ಮುದುಕ ಇನ್ನೊಂದು ಕಾರಿಗೆ ಅಡ್ಡವಾಗಿ ನಿಲ್ಲಿಸಲು ಹೇಳಿ, “ನ್ಯೂಟ್ರಲ್‌ನಲ್ಲಿ ಬಿಟ್ಟು ಹೋಗಿ ದೀದಿ, ಬೇಕಾದರೆ ತಳ್ಳಿಕೊಳ್ಳುತ್ತೇವೆ” ಎಂದ. ನ್ಯೂಟ್ರಲ್‌ನಲ್ಲಿ ಬಿಟ್ಟರೆ ಕೀ ಹೊರಗೇ ಬರಲಿಲ್ಲ. ಸುಮ್ಮನೆ ಪಿ ಹಾಕಿ ಹೋದೆ.

ವಾಪಸ್ ಬಂದಾಗ ಐದು ಜನ ನನ್ನ ಕಾರು ತಳ್ಳುತ್ತಿದ್ದರು. ಅದು ಅಲುಗಾಡುತ್ತಿರಲಿಲ್ಲ; ಪಿ ಹಾಕಿದರೆ ಚಕ್ರಗಳೇ ಲಾಕ್ ಆಗುತ್ತವೆಂದು ನನಗೆ ಆಗಲೇ ತಿಳಿದದ್ದು. ನನ್ನ ಕಾರಿನ ಹಿಂದೆ ಸಿಕ್ಕಿಕೊಂಡಿದ್ದ ಕಾರಿನ ಮಾಲೀಕರು ಹಿಲ್ಸಾ ಮೀನಿನ ಚೀಲ ಹಿಡಿದು, ಐಸು ಕರಗಿ ತೊಟ್ಟಿಕ್ಕುವುದನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು.

“ನಿಲ್ಲಿಸಿದಾಗ ಪಿ ಹಾಕಬೇಕೆಂದು ಶೋರೂಮಿನವರೇ ಹೇಳಿದ್ದು,” ಎಂದೆ.

“ಶೋರೂಮಿನವರು ಇಲ್ಲಿ ಒಂದು ದಿನ ನಿಲ್ಲಿಸಿ ನೋಡಲಿ,” ಎಂದ ಮುದುಕ, ಬೆವರು ಒರೆಸಿಕೊಳ್ಳುತ್ತ.

ಈಗ ಅಲ್ಲಿಗೆ ಹೋದಾಗಲೆಲ್ಲ, ಯಾರಾದರೂ ಕೇಳಿದರೆ ಕಾರು ಸರಿಸಲೆಂದು ನಾನು ಕಾರಿನಲ್ಲೇ ಕೂತಿರುತ್ತೇನೆ. ಮಂಡಿಗೆ ಪೂರ್ತಿ ವಿಶ್ರಾಂತಿ. ಕರಿಬೇವಿಗೆ ನಮ್ಮ ಯಜಮಾನರು ಇಳಿದು ಹೋಗುತ್ತಾರೆ. ತರುವುದು ಮಾತ್ರ ಪುದೀನ.