ಕೌದಿಯ ತುತ್ತು

ಮಣ್ಣೂರಿನ ಮನೆಯಲ್ಲಿ ಅವ್ವ ಕೌದಿ ಹೊಲಿಯುತ್ತಿದ್ದಳು. ತನ್ನ ಹಳೆಯ ಸೀರೆ, ಅಪ್ಪನ ಧೋತರ, ನನ್ನ ಶಾಲೆಯ ಲಂಗ, ಎಲ್ಲ ಒಂದರ ಮೇಲೊಂದು ಹಾಸಿ ಹೊಲಿಯುತ್ತ ಬಂದು, ಕೊನೆಯ ಮೂಲೆ ಮುಚ್ಚುವ ಮೊದಲು ಅದರೊಳಗೆ ರೊಟ್ಟಿಯ ಚೂರೊಂದನ್ನು ಇಡುತ್ತಿದ್ದಳು. ಅದು ಕೌದಿಯ ತುತ್ತು. ಹಸಿದ ಕೌದಿ ಹೊದ್ದರೆ ನಿದ್ದೆ ಹತ್ತುವುದಿಲ್ಲ ಎನ್ನುತ್ತಿದ್ದಳು. ನಾನು ನಗುತ್ತಿದ್ದೆ.

ಕಲಬುರಗಿಯಲ್ಲಿ ಚಿತ್ರಕಲೆ ಓದಿ, ಜೇವರ್ಗಿಯ ಶಾಲೆಯೊಂದರಲ್ಲಿ ಡ್ರಾಯಿಂಗ್ ಟೀಚರ್ ಆದೆ. ನಾಲ್ಕು ವರ್ಷ ಪ್ರದರ್ಶನಗಳಿಗೆ ಅರ್ಜಿ ಹಾಕಿದ್ದೇ ಹಾಕಿದ್ದು. ನನ್ನ ಕ್ಯಾನ್ವಾಸುಗಳು ಹೋದ ಬಸ್ಸಿನಲ್ಲೇ ವಾಪಸು ಬಂದವು. ಐದನೆಯ ವರ್ಷ ಸಿಟ್ಟು ನೆತ್ತಿಗೇರಿತು. ನಾನು ಹೊದೆಯುತ್ತಿದ್ದ ಅವ್ವನ ಕೌದಿಯನ್ನೇ ಚೌಕಟ್ಟಿಗೆ ಬಿಗಿದು, ಅದರ ಮೇಲೆ ಭೀಮಾ ನದಿಯ ತಿರುವನ್ನು ನೀಲಿಯಲ್ಲಿ ಬರೆದು, ಫೋಟೊ ಕಳಿಸಿದೆ. ಜೊತೆಗೆ ತುತ್ತಿನ ಕಥೆಯನ್ನೂ ಚೆಂದ ಮಾಡಿ ಬರೆದಿದ್ದೆ. ಪ್ರದರ್ಶನದವರು ಮೆಚ್ಚಿದ್ದು ಆ ಕಥೆಯನ್ನೇ. ಆಯ್ಕೆಯಾದೆ.

ವಾರದ ನಂತರ ಅವರೇ ಫೋನ್ ಮಾಡಿ, ಆ ರೊಟ್ಟಿ ಚೂರು ತೆಗೆದು ತನ್ನಿ, ಇರುವೆ ಹತ್ತಿದರೆ ಪಕ್ಕದ ಚಿತ್ರಗಳೂ ಹಾಳಾಗುತ್ತವೆ ಎಂದರು. ಕಥೆ ಮಾತ್ರ ಗೋಡೆಯ ಮೇಲೆ ಇರಲಿ ಎಂದರು. ಎದುರಾಡಿದರೆ ಸಿಕ್ಕ ಅವಕಾಶ ಕೈತಪ್ಪೀತೆಂಬ ಭಯ. ಮೂಲೆ ಬಿಚ್ಚಿ, ಕಲ್ಲಾಗಿದ್ದ ಚೂರನ್ನು ಹಿತ್ತಲಿಗೆ ಎಸೆದು, ಮತ್ತೆ ಹೊಲಿದೆ.

ಉದ್ಘಾಟನೆಗೆ ಅವ್ವ ಅಫಜಲಪುರದ ಮೇಲೆ ಬರುವ ಬಸ್ಸು ಹಿಡಿದು ಕಲಬುರಗಿಗೆ ಬಂದಳು. ನಾನು ಬರೆದ ನದಿಯನ್ನು ಅವಳು ನೋಡಲೇ ಇಲ್ಲ. ನೇರ ಹೋಗಿ ಮೂಲೆಯನ್ನು ಎರಡು ಬೆರಳಲ್ಲಿ ಹಿಚುಕಿ ನೋಡಿದಳು.

“ತುತ್ತು ಎಲ್ಲಿ ಅದ ಬೇ?”

“ಇರುವಿ ಹತ್ತತಾವಂತ ತಗದೇನಿ, ಅವ್ವಾ.”

“ಹತ್ತಿದ್ರ ಹತ್ತಲಿ. ಅವಕ್ಕೂ ಹೊಟ್ಟಿ ಇರ್ತದ.” ಮೂಲೆಯನ್ನು ಬಿಡದೆ ಅಂದಳು, “ಇಷ್ಟು ಮಂದ್ಯಾಗ ಅದನ್ನ ಉಪಾಸ ನಿಂದರಿಸಿದಿ.”

ಆಗ ನನಗಿದ್ದ ಚಿಂತೆ ಒಂದೇ: ಯಾರಾದರೂ ಕೇಳಿಸಿಕೊಂಡರೇನೋ. ಅವಳ ಮೊಳಕೈ ಹಿಡಿದು ಚಹಾ ಕುಡಿಸಲು ಹೊರಗೆ ಕರೆದೊಯ್ದೆ. ಅದನ್ನು ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಆ ಕೌದಿಯನ್ನು ಬೆಂಗಳೂರಿನ ಯಾರೋ ಕೊಂಡರು. ಪೇಪರಿನಲ್ಲಿ ನನ್ನ ಹೆಸರು ಬಂತು, ಶಾಲೆಯಲ್ಲಿ ಶಾಲು ಹೊದಿಸಿದರು. ಅವ್ವ ಮತ್ತೆಂದೂ ಅದರ ಮಾತೆತ್ತಲಿಲ್ಲ. ನಾನೂ ತಪ್ಪಾಯಿತು ಅನ್ನಲಿಲ್ಲ. ನಾಳೆ ಅಂದರಾಯಿತು ಎನ್ನುತ್ತಿರುವಾಗಲೇ ಅವಳು ತೀರಿಕೊಂಡಳು.

ಟ್ರಂಕಿನಲ್ಲಿ ಅವಳ ಕೊನೆಯ ಕೌದಿ ಸಿಕ್ಕಿತು. ಮೂರು ಮೂಲೆ ಮುಗಿದಿದ್ದವು, ಸೂಜಿ ನಾಲ್ಕನೆಯದರಲ್ಲೇ ಚುಚ್ಚಿಕೊಂಡಿತ್ತು. ಅದೇ ತಿಂಗಳು ಪ್ರದರ್ಶನದವರು ಮತ್ತೆ ಫೋನ್ ಮಾಡಿದರು. ಈ ಸಲ ದಿಲ್ಲಿಗಂತೆ, ಅಂಥದೇ ಇನ್ನೊಂದು ಕೌದಿ ಬೇಕಂತೆ. ಇಲ್ಲ ಎಂದುಬಿಟ್ಟೆ.

ಒಂದು ರೊಟ್ಟಿ ಬಡಿದೆ. ಚೂರು ಮುರಿದು ಆ ಮೂಲೆಯೊಳಗಿಟ್ಟು, ನನ್ನ ಸೊಟ್ಟ ಹೊಲಿಗೆಯಲ್ಲಿ ಮುಚ್ಚಿದೆ. ಮೂರನೆಯ ದಿನ ಇರುವೆ ಬಂದವು. ಝಾಡಿಸಲಿಲ್ಲ.

ದಿನಾ ಅದನ್ನೇ ಹೊದೆಯುತ್ತೇನೆ. ಹೊಟ್ಟೆ ತುಂಬಿದ ಕೌದಿಯೇ. ಆದರೂ ನನಗೆ ನಿದ್ದೆ ಹತ್ತುವುದಿಲ್ಲ.