ಥ್ರಾಟಲ್ ಬಾಡಿಯೊಳಗೆ ಬಿಟ್ಟ ಬಟ್ಟೆ

ಸ್ನೇಹಿತರೇ, ಇವತ್ತು ಬೆಳಿಗ್ಗೆ ಬೇಗೂರಿನ ನಮ್ಮನೆ ಮುಂದೆ ಸ್ಟಾರ್ಟ್ ಆಗಲು ಸತಾಯಿಸುತ್ತಿದ್ದ ಕಾರಿನ ಥ್ರಾಟಲ್ ಬಾಡಿಯನ್ನು, ಅಂದರೆ ಇಂಜಿನ್ನಿಗೆ ಗಾಳಿ ಹೋಗುವ ಭಾಗವನ್ನು, ನಾನೇ ಬಿಚ್ಚಿ, ಸ್ಪ್ರೇ ಹೊಡೆದು, ಮಸಿ ಒರೆಸಿ ಜೋಡಿಸಿದೆ. ಬದನಗುಪ್ಪೆಯ ಫ್ಯಾಕ್ಟರಿಗೆ ಹೊರಟಿದ್ದ ಹೆಂಡತಿ ಆಗಲೇ ಡ್ರೈವರ್ ಸೀಟಲ್ಲಿ ಕೂತಿದ್ದಳು. ಕೈ ಒರೆಸಿಕೊಳ್ಳಲು ಬಟ್ಟೆ ಹುಡುಕಿದೆ. ಎಲ್ಲೂ ಇಲ್ಲ! ತಕ್ಷಣ ಕೂಗಿದೆ:

"ಕೀ ತಿರುಗಿಸ್ಬ್ಯಾಡ ಕಣಮ್ಮಿ! ಬಟ್ಟೆ ಒಳಗೇ ಬುಟ್ಬುಟ್ಟೆ, ಇಂಜಿನ್ ಎಳ್ಕಂಡ್ರೆ ಮುಗೀತು!"

ಅವಳು ಬೆಂಕಿ ಮುಟ್ಟಿದವಳಂತೆ ಕೀಲಿಯಿಂದ ಕೈ ತೆಗೆದಳು. ಮತ್ತೆ ಗಾಳಿ ಪೈಪು ಬಿಚ್ಚಿದೆ. ಧೂಳು ಬೀಳದಿರಲೆಂದು ನಾನೇ ತುರುಕಿದ್ದ ಬಟ್ಟೆ ಥ್ರಾಟಲ್ ಬಾಡಿಯ ಬಾಯಲ್ಲೇ ಇತ್ತು. ಎಳೆದು ತೆಗೆದೆ. ಇಬ್ಬರಿಗೂ ಆಗ ಉಸಿರು ಬಂತು.

"ನಿಮ್ ರಿಪೇರಿಗೆ ದೊಡ್ ನಮಸ್ಕಾರ. ನಾನು ಬಸ್ಸಲ್ಲೇ ಓಯ್ತೀನಿ" ಅಂದವಳು ತಿರುಗಿಯೂ ನೋಡದೆ ಹೈವೇ ಕಡೆ ನಡೆದಳು.

ಕಾರು ಈಗ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತಿದೆ. ಹತ್ತುವವರು ಮಾತ್ರ ಯಾರೂ ಇಲ್ಲ.